ಮೈಯಲ್ಲಿ ಸಿಕ್ಕಿದ್ದು

ಒಲಿಂಪಿಕ್ಸಿನಲ್ಲಿ ಗಂಡಸರ ಫ್ರೀಸ್ಟೈಲ್ ಕುಸ್ತಿಗೆ ಇರುವುದು ಆರೇ ತೂಕ: 57, 65, 74, 86, 97, 125. ಸರಿಯಾಗಿ ಉಂಡರೆ ನನ್ನ ಮೈ ತಾನಾಗಿ ನಿಲ್ಲುವುದು 70 ಕೆ.ಜಿ. ಆಸುಪಾಸಿನಲ್ಲಿ. 70ರ ವಿಭಾಗವೂ ಒಂದಿದೆ, ರಾಷ್ಟ್ರೀಯ ಪಂದ್ಯಗಳಲ್ಲೂ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲೂ ಆಡಿಸುತ್ತಾರೆ. ಆದರೆ ಒಲಿಂಪಿಕ್ಸಿನಲ್ಲಿಲ್ಲದ ತೂಕದವನ ಮೇಲೆ ಯಾರೂ ರೊಕ್ಕ ಹಾಕುವುದಿಲ್ಲ. ಹಾಗಾಗಿ ನನ್ನಂಥವನು ಒಂದೋ ಇಳಿಯಬೇಕು, ಇಲ್ಲವೇ ಏರಬೇಕು.

ಇಳಿದು ನೋಡಿದ್ದೆ. ಮೈಗೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೆ ಎರಡು ಜರ್ಕಿನ್ ಹಾಕಿಕೊಂಡು ಬೇಸಿಗೆಯ ಮಧ್ಯಾಹ್ನ ಓಡಿದ್ದೆ. ರಾತ್ರಿ ಬಾಯಲ್ಲಿ ಐಸ್ ತುಂಡಿಟ್ಟುಕೊಂಡು ಕರಗಿದ ನೀರನ್ನು ನುಂಗದೆ ಉಗುಳಿದ್ದೆ. ಮೊದಲು ಪಂದ್ಯದ ಹಿಂದಿನ ಸಂಜೆಯೇ ತೂಕ ನೋಡುತ್ತಿದ್ದರು. ರಾತ್ರಿಯೆಲ್ಲ ಉಂಡು ಕುಡಿದು ಸುಧಾರಿಸಿಕೊಳ್ಳಲು ಹೊತ್ತಿರುತ್ತಿತ್ತು. 2018ರಿಂದ ಪಂದ್ಯದ ದಿನ ಬೆಳಿಗ್ಗೆಯೇ ತಕ್ಕಡಿ. ಫೈನಲ್ ಮರುದಿನಕ್ಕಿದ್ದರೆ ಮರುದಿನ ಬೆಳಿಗ್ಗೆ ಮತ್ತೊಮ್ಮೆ. 2024ರ ಆಗಸ್ಟಿನಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ವಿನೇಶ್ ಫೋಗಟ್ ಅವರನ್ನು 100 ಗ್ರಾಂ ಹೆಚ್ಚಿದ್ದಾರೆಂದು ಫೈನಲ್ಲಿನಿಂದ ಹೊರಗಿಟ್ಟಾಗ ನಮ್ಮೂರ ಚಹಾದಂಗಡಿಯಲ್ಲಿ ಕೂತವರೆಲ್ಲ "ಬರೇ ನೂರು ಗ್ರಾಮ?" ಎಂದು ಬಾಯಿ ಬಿಟ್ಟರು. ನಾನು ಸುಮ್ಮನೆ ಚಹಾ ಕುಡಿದೆ.

ಕಡೆಯ ಸಲ 65ಕ್ಕೆ ಇಳಿದು ಆಡಿದಾಗ ಎರಡನೆಯ ಕುಸ್ತಿಯಲ್ಲಿ ಎರಡೂ ತೊಡೆ ಹಿಡಿದುಕೊಂಡವು. ಎದುರಾಳಿ ಏನೂ ಮಾಡಬೇಕಾಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಕೋಚ್, "ಇನ್ನ ನೀ 74ಕ್ಕ ಹೋಗು" ಎಂದರು. ಹೇಳುವುದು ಸುಲಭ. 74ರಲ್ಲಿ ಆಡುವವರು ನಿಜಕ್ಕೆ 77–78ರವರು, ಅಲ್ಲಿಂದ ಇಳಿಸಿಕೊಂಡು ಬಂದವರು. ಅವರೆದುರು ನಿಲ್ಲಬೇಕಾದರೆ ಮುಂದಿನ ಹಂಗಾಮಿನೊಳಗೆ ನಾನು ಏಳೆಂಟು ಕೆ.ಜಿ. ಮೈ ಕಟ್ಟಬೇಕಿತ್ತು.

ನಾವು ಮುಧೋಳ ಕಡೆಯವರು. ಎರಡೆಕರೆ ಕಬ್ಬು, ಎರಡು ಎಮ್ಮೆ. ಕುಸ್ತಿ ನನಗೆ ಮನೆತನದಿಂದ ಬಂದದ್ದಲ್ಲ, ಓಣಿಯಿಂದ ಬಂದದ್ದು. ಹನುಮಪ್ಪನ ಗುಡಿಯ ಮಗ್ಗುಲಿಗೇ ಗರಡಿಮನೆ. ಕೆಂಪು ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಸಿನ, ಲಿಂಬೆರಸ ಹಾಕಿ ಹದ ಮಾಡಿದ ಕಣದಲ್ಲಿ ದಂಡ, ಬಸ್ಕಿ ಹೊಡೆದು ಬೆಳೆದು, ಆಮೇಲೆ ಕ್ರೀಡಾ ಹಾಸ್ಟೆಲ್ಲಿಗೆ ಸೇರಿ ಮ್ಯಾಟಿಗೆ ಇಳಿದವನು ನಾನು. ನಮ್ಮ ಉಸ್ತಾದರ ಪ್ರಕಾರ ಖುರಾಕು ಎಂದರೆ ಎಮ್ಮೆ ಹಾಲು, ತುಪ್ಪ, ಉತ್ತತ್ತಿ, ಗಸಗಸೆ, ರಾತ್ರಿ ನೆನೆಹಾಕಿ ಸಿಪ್ಪೆ ಸುಲಿದ ಬಾದಾಮಿ, ವಾರಕ್ಕೊಮ್ಮೆಯಾದರೂ ಕಾಲು ಸೂಪು. ಬಾದಾಮಿಯನ್ನು ಮಿಕ್ಸಿಗೆ ಹಾಕಲು ಬಿಡುತ್ತಿರಲಿಲ್ಲ. ಒರಳಿನಲ್ಲಿ ಕಟ್ಟಿಗೆಯಿಂದ ತಿಕ್ಕಿ ತಿಕ್ಕಿ ಅರೆಯಬೇಕು, ಬೆಣ್ಣೆಯಾಗಬೇಕು, ಆಮೇಲೆ ಹಾಲು. "ಅರಿಯೂದೂ ಸಾಮೇ" ಎನ್ನುತ್ತಿದ್ದರು.

ಆ ಖುರಾಕಿನ ಮೇಲೆ ನನಗೆ ಭಕ್ತಿಯಿದೆ, ಆದರೆ ಲೆಕ್ಕವೂ ಗೊತ್ತಿದೆ. ನೂರು ಗ್ರಾಂ ಬಾದಾಮಿಯಲ್ಲಿ ಪ್ರೋಟೀನ್ ಸುಮಾರು 21 ಗ್ರಾಂ. ಅರ್ಧ ತೂಕ ಕೊಬ್ಬೇ. ಕಬ್ಬಿನ ಬಿಲ್ಲು ಫ್ಯಾಕ್ಟರಿಯವರು ಕೊಟ್ಟಾಗ ಉಂಟು, ಕೊಡದಾಗ ಇಲ್ಲ. ದಿನಕ್ಕಿಷ್ಟು ಬಾದಾಮಿ, ಇಷ್ಟು ಮಟನ್ ಎಂದು ಅಪ್ಪನ ಮುಂದೆ ಪಟ್ಟಿ ಇಡಲು ನನಗೆ ಬಾಯಿ ಬರುತ್ತಿರಲಿಲ್ಲ. ಡಬ್ಬಿ ಪ್ರೋಟೀನು ಗ್ರಾಂ ಲೆಕ್ಕದಲ್ಲಿ ಅಗ್ಗ. ಪಟ್ಟಣದ ಹುಡುಗರು ಶೋಕಿಗೆ ಕುಡಿಯುತ್ತಾರೆ ಎಂದು ಹಿರಿಯರು ಮೂಗು ಮುರಿಯುತ್ತಾರೆ. ನನ್ನಂಥವರ ಮನೆಗಳಿಗೆ ಅದು ಬಂದದ್ದು ಬಡತನದ ದಾರಿಯಿಂದ. ಅದರಲ್ಲಿ ಕಳ್ಳತನವೂ ಇಲ್ಲ. ವೇ ಪ್ರೋಟೀನು ನಿಷಿದ್ಧವಲ್ಲ, ಕ್ರಿಯಾಟಿನ್ ನಿಷಿದ್ಧವಲ್ಲ, ಕೆಫೀನನ್ನು ಕೂಡ 2004ರಲ್ಲೇ ನಿಷಿದ್ಧ ಪಟ್ಟಿಯಿಂದ ತೆಗೆದಿದ್ದಾರೆ.

ನಾನು ಕೊಂಡದ್ದು ಮಾಸ್ ಗೇನರ್. ಜಿಲ್ಲಾ ಕೇಂದ್ರದ ಒಂದು ಜಿಮ್ಮಿನಲ್ಲಿ ಹುಡುಗರಿಗೆ ವ್ಯಾಯಾಮ ಹೇಳಿಕೊಡುವವನು ಅಂಗಡಿಯ ಹೆಸರು ಹೇಳಿದ. ದೊಡ್ಡ ಕರಿ ಡಬ್ಬಿ, ಮೇಲೆ ಗೂಳಿಯ ಚಿತ್ರ. ಮುಚ್ಚಳ ತೆಗೆದರೆ ಬೆಳ್ಳಿಬಣ್ಣದ ಸೀಲು, ಪಕ್ಕದಲ್ಲಿ ಗೀರಿ ನೋಡುವ ಹೊಲೊಗ್ರಾಮ್, ಆಮದು ಮಾಡಿದವರ ವಿಳಾಸದ ಸ್ಟಿಕರ್, 14 ಅಂಕಿಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ನಂಬರು. ಹಿಂಬದಿಯ ಪಟ್ಟಿಯನ್ನು ಪೂರ್ತಿ ಓದಿದ್ದೆ. ಬಹುಪಾಲು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಪಿಷ್ಟ ಒಡೆದು ಮಾಡಿದ ಪುಡಿ; ಹಾಲಿನ ಪ್ರೋಟೀನು, ಕೋಕೋ, ಒಂದಿಷ್ಟು ವಿಟಮಿನ್. ವಿಶ್ವ ಡೋಪಿಂಗ್ ವಿರೋಧಿ ಸಂಸ್ಥೆ ವಾಡಾದ ನಿಷಿದ್ಧ ಪಟ್ಟಿಯನ್ನು ಹಾಸ್ಟೆಲ್ಲಿನ ಗೋಡೆಗೆ ಅಂಟಿಸಿದ್ದರು. ಅದರಲ್ಲಿದ್ದ ಯಾವ ಹೆಸರೂ ಈ ಡಬ್ಬಿಯ ಮೇಲಿರಲಿಲ್ಲ. ಲೈಸೆನ್ಸ್ ನಂಬರು ಇದೆಯೆಂದರೆ ಆಹಾರ ಮಾರಲು ಪರವಾನಗಿ ಇದೆ ಎಂದಷ್ಟೇ ಅರ್ಥ, ಪುಡಿಯನ್ನು ಡೋಪಿಂಗ್ ಪಟ್ಟಿಗೆ ಹೋಲಿಸಿ ಯಾರಾದರೂ ನೋಡಿದ್ದಾರೆ ಎಂದಲ್ಲ. ಇದನ್ನು ನನಗೆ ಯಾರೂ ಹೇಳಿರಲಿಲ್ಲ. ಹೇಳಬೇಕಾದವರಿಗೂ ಗೊತ್ತಿತ್ತೋ ಇಲ್ಲವೋ.

ಎರಡನೇ ಡಬ್ಬಿ ಮುಗಿಯುವ ಹೊತ್ತಿಗೆ ತಕ್ಕಡಿ 75 ತೋರಿಸಿತು. ಅವ್ವ ಅಂಗಿಯ ಗುಂಡಿ ಹಿಂದೆ ಸರಿಸಿ ಹೊಲಿದಳು. ಜೋರ್, ಅಂದರೆ ಅಭ್ಯಾಸದ ಕುಸ್ತಿ, ಮಾಡುವಾಗ ಜೊತೆಯವರು ಮೊದಲಿನ ಹಾಗೆ ಎತ್ತಿ ಹಾಕಲು ಆಗುತ್ತಿರಲಿಲ್ಲ. ಬೆನ್ನ ತುಂಬ ಗುಳ್ಳೆ ಎದ್ದವು, ಕೆಲವು ಕೀವು ತುಂಬಿ ಅಂಗಿಗೆ ಅಂಟಿಕೊಳ್ಳುತ್ತಿದ್ದವು. ಮ್ಯಾಟಿನ ಬೆವರು ಎಂದುಕೊಂಡೆ, ಬೇವಿನೆಲೆ ಕುದಿಸಿ ಸ್ನಾನ ಮಾಡಿದೆ. ಸಂಜೆ ಹೊತ್ತು ತಲೆನೋವು ಬರುತ್ತಿತ್ತು. ಊರಿಗೆ ಹೋದಾಗ ಹಿರಿಯರೊಬ್ಬರು ತೋಳು ಹಿಚುಕಿ ನೋಡಿ, "ಈಗ ಪೈಲ್ವಾನ ಕಂಡಂಗ ಕಾಣ್ತಿ ನೋಡಪಾ" ಎಂದರು. ಆ ಮಾತಿಗೆ ನನಗೆ ಎಷ್ಟು ಖುಷಿಯಾಯಿತೆಂದು ಈಗ ಹೇಳಲೂ ಮುಜುಗರ.

2022ರಲ್ಲಿ ಉತ್ತರ ಭಾರತದ ಒಂದು ಊರಲ್ಲಿ ರಾಷ್ಟ್ರಮಟ್ಟದ ಪಂದ್ಯಾವಳಿ. 74ರಲ್ಲಿ ನಾನು ಕಂಚಿನ ಪದಕದ ಕುಸ್ತಿಯವರೆಗೆ ಹೋದೆ, ಅದರಲ್ಲಿ ಸೋತೆ. ಮ್ಯಾಟಿನಿಂದ ಇಳಿದು ಉಸಿರು ಹಿಡಿಯುವುದರೊಳಗೆ ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡ ಹುಡುಗನೊಬ್ಬ ಬಂದು ನಿಂತ. ಡೋಪ್ ಟೆಸ್ಟಿಗೆ ಹೆಸರು ಬಂದಿದೆ, ಇಲ್ಲಿ ಸಹಿ ಮಾಡಿ ಎಂದ. ಅಲ್ಲಿಂದ ಅವನು ನನ್ನ ಪಕ್ಕ ಬಿಟ್ಟು ಕದಲಲಿಲ್ಲ.

ಆ ಕೋಣೆಯನ್ನು ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮೂರಲ್ಲಿ ಇವತ್ತಿಗೂ "ಅಲ್ಲೇ ಬಾಟ್ಲಿ ಬದಲಿ ಮಾಡ್ಯಾರ" ಎನ್ನುವವರಿದ್ದಾರೆ. ಮೇಜಿನ ಮೇಲೆ ಸೀಲು ಮಾಡಿದ ನೀರಿನ ಬಾಟಲಿಗಳು. ಬೇಕಾದ್ದನ್ನು ನಾನೇ ಆರಿಸಿಕೊಳ್ಳಬೇಕು, ನಾನೇ ತೆರೆಯಬೇಕು. ಕುಸ್ತಿ ಮಾಡಿ ಬೆವರು ಹರಿಸಿ ಬಂದವನಿಗೆ ಮೂತ್ರ ಎಲ್ಲಿಂದ ಬರಬೇಕು? ಹಾಗೆಂದು ಗಟಗಟನೆ ಕುಡಿದರೆ ಮೂತ್ರ ತೀರಾ ತೆಳುವಾಗಿ ಎರಡನೇ ಸಲ ಕೊಡಬೇಕಾಗುತ್ತದೆ, ಗುಟುಕು ಗುಟುಕಾಗಿ ಕುಡಿ ಎಂದರು. ಹೊರಗೆ ಪದಕದ ಸಮಾರಂಭ ಮುಗಿದು ಕುರ್ಚಿ ಮಡಚುವ ಸದ್ದು ಕೇಳಿಸುತ್ತಿತ್ತು. ಕೊನೆಗೆ ಒಳಗೆ ಹೋದಾಗ ಅಂಗಿ ಎದೆಯವರೆಗೆ, ಚಡ್ಡಿ ಮೊಣಕಾಲಿನವರೆಗೆ. ಅಧಿಕಾರಿ ಎದುರಿಗೇ ನಿಂತು ಕಣ್ಣು ಕೀಲಿಸಿ ನೋಡುತ್ತಾನೆ. ಗರಡಿಯಲ್ಲಿ ಲಂಗೋಟದಲ್ಲಿ ಬೆಳೆದ ನನಗೂ ಆ ಹೊತ್ತು ಮೈ ಕುಗ್ಗಿತು. ಕಡಿಮೆಯೆಂದರೆ 90 ಮಿಲಿಲೀಟರ್ ಬೇಕು. ಅದನ್ನು ಎ ಮತ್ತು ಬಿ ಎಂಬ ಎರಡು ಗಾಜಿನ ಬಾಟಲಿಗೆ ನನ್ನ ಕೈಯಿಂದಲೇ ಸುರಿಸಿದರು. ಮುಚ್ಚಳ ತಿರುಗಿಸಿದರೆ ಕಟಕಟ ಎಂದು ಹಲ್ಲು ಕಚ್ಚಿಕೊಳ್ಳುತ್ತದೆ, ಆಮೇಲೆ ಒಡೆಯದೆ ತೆರೆಯಲು ಬಾರದು. ನಂಬರು ಸರಿಯಿದೆಯೇ ಎಂದು ನಾನೇ ಓದಿ ಹೇಳಿದೆ. ಬಾಟಲಿ ಬದಲಾಗಿಲ್ಲ. ನನಗೆ ಗೊತ್ತು.

ಕೊನೆಗೊಂದು ಫಾರ್ಮು. ಕಳೆದ ಏಳು ದಿನಗಳಲ್ಲಿ ತೆಗೆದುಕೊಂಡ ಔಷಧ, ಪೂರಕ ಎಲ್ಲ ಬರೆಯಬೇಕು. "ಪ್ರೋಟೀನ್ ಪೌಡರ್" ಎಂದು ಬರೆದೆ. ಕಂಪನಿ ಹೆಸರು, ಬ್ಯಾಚ್ ನಂಬರು ಯಾರೂ ಕೇಳಲಿಲ್ಲ, ಆ ಗೆರೆ ಅಷ್ಟು ಉದ್ದವೂ ಇರಲಿಲ್ಲ.

ನೋಟಿಸು ಬಂದದ್ದು ಇ–ಮೇಲಿಗೆ. ಕಬ್ಬಿಗೆ ನೀರು ಬಿಡುತ್ತಿದ್ದೆ. ಇಂಗ್ಲಿಷಿನಲ್ಲಿ ನಾಲ್ಕೈದು ಪುಟ. ನನಗೆ ಅರ್ಥವಾದದ್ದು ನನ್ನ ಹೆಸರು ಮತ್ತು "ಸಸ್ಪೆನ್ಷನ್" ಎಂಬುದಷ್ಟೇ. ಮೊಬೈಲನ್ನು ಸೋದರಮಾವನ ಮಗನ ಹತ್ತಿರ ಒಯ್ದೆ. ಅವನು ಪದವಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತಾನೆ. ಓದಿ, ಕನ್ನಡಕ ತೆಗೆದಿಟ್ಟು, "ಮೆಥಾಂಡಿಯೆನೋನ್ ಅಂತ. ಜಿಮ್ಮಿನ ಹುಡುಗ್ರು ಡಿ–ಬೋಲ್ ಅಂತಾರಲ್ಲ, ಅದು" ಎಂದ. 1958ರ ಹೊತ್ತಿಗೆ ಅಮೆರಿಕದಲ್ಲಿ ಡಯಾನಬಾಲ್ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂದ ಸ್ಟೆರಾಯ್ಡ್ ಮಾತ್ರೆಯಂತೆ. ಅದರ 17ನೇ ಇಂಗಾಲಕ್ಕೆ ಮೀಥೈಲ್ ಗುಂಪು ಜೋಡಿಸಿರುವುದರಿಂದ ಬಾಯಲ್ಲಿ ನುಂಗಿದರೂ ಲಿವರಿನಲ್ಲಿ ಒಡೆದುಹೋಗದೆ ರಕ್ತಕ್ಕೆ ಸೇರುತ್ತದೆ. ಆ ಕಾರಣಕ್ಕೇ ಲಿವರಿಗೆ ಪೆಟ್ಟು. "ಬೆನ್ನು ತೋರ್ಸು" ಎಂದ. ತೋರಿಸಿದೆ. ಏನೂ ಮಾತಾಡಲಿಲ್ಲ. ಮರುದಿನ ರಕ್ತಪರೀಕ್ಷೆ ಮಾಡಿಸಿದ. ಲಿವರಿನ ಸ್ಥಿತಿ ಹೇಳುವ ಎಸ್‌ಜಿಪಿಟಿ ಇರಬೇಕಾದದ್ದಕ್ಕಿಂತ ಮೂರು ಪಟ್ಟು ಮೇಲಿತ್ತು.

ಸುದ್ದಿ ಗರಡಿಗೆ ಮುಟ್ಟಿದ ಸಂಜೆ ಉಸ್ತಾದರು ಕರೆಸಿದರು. ಅವರಿಗೆ ಮೊದಲು ನೆನಪಾದದ್ದು ನರಸಿಂಗ್ ಯಾದವ್. 2016ರಲ್ಲಿ ರಿಯೋ ಒಲಿಂಪಿಕ್ಸಿಗೆ ಆಯ್ಕೆಯಾಗಿದ್ದ ಪೈಲ್ವಾನರು. ಇದೇ 74 ಕೆ.ಜಿ., ಇದೇ ಮೆಥಾಂಡಿಯೆನೋನ್. ತಮ್ಮ ಊಟದಲ್ಲಿ ಯಾರೋ ಬೆರೆಸಿದ್ದಾರೆ ಎಂದು ಅವರು ಹೇಳಿದ್ದನ್ನು ರಾಷ್ಟ್ರೀಯ ಡೋಪಿಂಗ್ ವಿರೋಧಿ ಸಂಸ್ಥೆ ನಾಡಾದ ಸಮಿತಿ ಒಪ್ಪಿ ಬಿಟ್ಟುಕಳಿಸಿತ್ತು. "ನೀನೂ ಹಂಗ ಹೇಳು. ಯಾರರೆ ಹಾಕಿರ್ತಾರ. ನೀ 74ಕ್ಕ ಬಂದಿದ್ದು ಯಾರಿಗೆ ಉರದದ ಅಂತ ನಮಗ ಗೊತ್ತಿಲ್ಲೇನು?" ಎಂದರು ಉಸ್ತಾದರು. ಸುತ್ತ ಕೂತವರಲ್ಲೊಬ್ಬ ಹೆಸರನ್ನೂ ಹೇಳಿಯೇಬಿಟ್ಟ. ನನಗಿಂತ ಮೊದಲು ರಾಜ್ಯ ತಂಡದಲ್ಲಿ ಆ ತೂಕಕ್ಕೆ ಆಡುತ್ತಿದ್ದ ಹುಡುಗ. ಹಾಸ್ಟೆಲ್ಲಿನಲ್ಲಿ ನನ್ನ ಜೊತೆ ಒಂದೇ ಸಾಲಲ್ಲಿ ಕೂತು ಉಂಡವನು.

ನರಸಿಂಗ್ ಕಥೆಯ ಉಳಿದರ್ಧವನ್ನು ಉಸ್ತಾದರು ಮರೆತಿದ್ದರು. ನಾಡಾದ ತೀರ್ಪನ್ನು ವಾಡಾ ಕ್ರೀಡಾ ನ್ಯಾಯಾಲಯಕ್ಕೆ ಒಯ್ದಿತು. ಆಗಸ್ಟ್ 18ರಂದು, ರಿಯೋದಲ್ಲಿ ಅವರ ಕುಸ್ತಿಯ ಹಿಂದಿನ ದಿನ, ಯಾರೋ ಬೆರೆಸಿದರೆಂಬುದಕ್ಕೆ ಗಟ್ಟಿ ಪುರಾವೆಯಿಲ್ಲ ಎಂದು ನಾಲ್ಕು ವರ್ಷ ನಿಷೇಧ ಹಾಕಿದರು. ಬೆರೆಸಿದರು ಎಂದರೆ ಯಾರು, ಯಾವಾಗ, ಹೇಗೆ ಎಂದು ತೋರಿಸಬೇಕು. ಗುಮಾನಿ ಸಾಲದು. ಆದರೂ ಗರಡಿಯಲ್ಲಿ ಎಲ್ಲರಿಗೂ ಆ ಕಥೆಯೇ ಬೇಕಾಗಿತ್ತು. ಡಬ್ಬಿಯ ಕಥೆಯಲ್ಲಿ ಮಾನವಿಲ್ಲ, ವೈರಿಯಿಲ್ಲ. ಅಂಗಡಿ, ಬಿಲ್ಲು, ಪುಡಿ. ವಿಷ ಹಾಕಿಸಿಕೊಂಡ ಪೈಲ್ವಾನನನ್ನು ಊರು ಹೊತ್ತು ತಿರುಗುತ್ತದೆ. ಆ ಹುಡುಗನ ಹೆಸರನ್ನು ನಾನು ಯಾವ ಕಾಗದದಲ್ಲೂ ಬರೆಯಲಿಲ್ಲ. ಉಸ್ತಾದರು ಬಹಳ ದಿನ ನನ್ನ ಕೂಡ ಮಾತು ಬಿಟ್ಟರು.

ವಕೀಲರೊಬ್ಬರು ಇನ್ನೊಂದು ದಾರಿ ತೋರಿಸಿದರು. ಮೂತ್ರ ಪರೀಕ್ಷಿಸಿದ ದಿಲ್ಲಿಯ ಲ್ಯಾಬಿನ ಮಾನ್ಯತೆಯನ್ನೇ ವಾಡಾ 2019ರಲ್ಲಿ ಅಮಾನತು ಮಾಡಿತ್ತಲ್ಲ, ಅಲ್ಲೇ ಹಿಡಿಯೋಣ ಎಂದರು. ಮಾವನ ಮಗ ನಕ್ಕ: 2021ರ ಡಿಸೆಂಬರಿನಲ್ಲಿ ಮಾನ್ಯತೆ ಮರಳಿ ಬಂದಿತ್ತು, ನನ್ನ ಬಾಟಲಿ ಹೋದದ್ದು ಅದರ ನಂತರ. ಬಿ ಬಾಟಲಿ ತೆರೆಸುವ ಹಕ್ಕು ನನಗಿತ್ತು, ಖರ್ಚು ನನ್ನದೇ. ಲಿವರಿನ ರಿಪೋರ್ಟು ಕೈಯಲ್ಲಿಟ್ಟುಕೊಂಡು ಅದನ್ನು ತೆರೆಸಿ ಏನು ಮಾಡಲಿ?

ಉಳಿದದ್ದು ಡಬ್ಬಿ. ಇಲ್ಲಿ ಕಾನೂನನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಹುಡುಗರಿಗೆ ಇದನ್ನು ಹೇಳುವವರಿಲ್ಲ. ಮೈಯಲ್ಲಿ ಸಿಕ್ಕಿತೆಂದರೆ ಉಲ್ಲಂಘನೆ ಆಗಿಯೇ ಹೋಯಿತು. ಹೇಗೆ ಬಂತು, ಬೇಕಂತ ತಗೊಂಡದ್ದೋ ಅಲ್ಲವೋ ಎಂಬುದೆಲ್ಲ ಶಿಕ್ಷೆ ಎಷ್ಟು ಎನ್ನುವಾಗ ಬರುವ ಮಾತು. ಸ್ಟೆರಾಯ್ಡಿಗೆ ನಾಲ್ಕು ವರ್ಷ. ಬೇಕಂತ ತಗೊಂಡಿಲ್ಲ ಎಂದು ತೋರಿಸುವ ಹೊರೆ ಆಟಗಾರನದು, ಅವರದಲ್ಲ. ಕಲಬೆರಕೆ ಪುಡಿಯಿಂದ ಬಂತೆಂದು ಸಾಬೀತಾಗಿ, ನನ್ನ ನಿರ್ಲಕ್ಷ್ಯವೂ ದೊಡ್ಡದಲ್ಲ ಎಂದಾದರೆ ಎಚ್ಚರಿಕೆಯಿಂದ ಹಿಡಿದು ಎರಡು ವರ್ಷದೊಳಗೆ ಎಷ್ಟಾದರೂ ಆಗಬಹುದು. ಅಂದರೆ ನನಗೆ ಬೇಕಾದ್ದು ಅದೇ ಬ್ಯಾಚಿನ, ಸೀಲು ಒಡೆಯದ ಒಂದು ಡಬ್ಬಿ. ನನ್ನ ಮನೆಯಲ್ಲಿದ್ದದ್ದು ಸೀಲು ಒಡೆದ, ತಳದಲ್ಲಿ ನಾಲ್ಕು ಚಮಚ ಪುಡಿ ಉಳಿದ ಡಬ್ಬಿ. ಅದರಲ್ಲಿ ಏನು ಸಿಕ್ಕರೂ, ಸಿಕ್ಕಿಬಿದ್ದ ಮೇಲೆ ನೀನೇ ಹಾಕಿದ್ದಲ್ಲ ಎಂಬುದಕ್ಕೆ ಏನು ಗ್ಯಾರಂಟಿ ಎಂಬ ಪ್ರಶ್ನೆ ಬಂದೇ ಬರುತ್ತದೆ.

ಅಂಗಡಿಗೆ ಹೋದೆವು. ಅವನು ನಗುನಗುತ್ತ ಮಾತಾಡಿದ, ಚಹಾ ತರಿಸಿದ. ಆ ಬ್ಯಾಚು ಖಾಲಿಯಾಗಿದೆ, ಹೊಸದು ಬೇಕಾದರೆ ಕೊಡುತ್ತೇನೆ ಎಂದ. ಅವನು ನನಗೆ ಕೊಟ್ಟಿದ್ದ ಬಿಲ್ಲು ನನ್ನ ಪಾಕೀಟಿನಲ್ಲೇ ಇತ್ತು: ಕೈಬರಹದ ಚೀಟಿ, "ಗೇನರ್ – 1" ಮತ್ತು ಮೊತ್ತ. ಅಂಗಡಿಯ ಹೆಸರಿಲ್ಲ, ಬ್ಯಾಚಿಲ್ಲ, ತಾರೀಖಿನ ಮೇಲೆ ಎಣ್ಣೆ ಬಿದ್ದು ಅಳಿಸಿತ್ತು. "ನಾ ಕೊಟ್ಟಿದ್ದಂತ ಎಲ್ಲಿ ಬರದದರಿ?" ಎಂದು ಮೆಲ್ಲಗೆ ಕೇಳಿದ. ಸ್ಟಿಕರಿನಲ್ಲಿದ್ದ ಆಮದುದಾರರ ವಿಳಾಸಕ್ಕೆ ರಿಜಿಸ್ಟರ್ ಪತ್ರ ಹಾಕಿದೆವು. ವಿಳಾಸದಲ್ಲಿ ಇಂಥವರಿಲ್ಲ ಎಂಬ ಷರಾ ಹೊತ್ತು ವಾಪಸು ಬಂತು.

ಮಾವನ ಮಗ ರಾತ್ರಿ ಕೂತು ಓದಿ ಓದಿ ಒಂದು ಹಳೆಯ ಅಧ್ಯಯನ ಹುಡುಕಿದ. ಜರ್ಮನಿಯ ಕೊಲೋನಿನ ಡೋಪಿಂಗ್ ಲ್ಯಾಬಿನವರು 2000–2001ರಲ್ಲಿ 13 ದೇಶಗಳಿಂದ 634 ಪೂರಕಗಳನ್ನು ಕೊಂಡು ಪರೀಕ್ಷಿಸಿದ್ದರು. 94ರಲ್ಲಿ, ಅಂದರೆ ನೂರಕ್ಕೆ ಹದಿನೈದರಷ್ಟರಲ್ಲಿ, ಲೇಬಲ್ಲಿನಲ್ಲಿ ಹೇಳದ ಸ್ಟೆರಾಯ್ಡ್ ಸಂಬಂಧಿ ವಸ್ತುಗಳು ಸಿಕ್ಕಿದ್ದವು. ಕೆಲವು ಕಡೆ ಒಂದೇ ಯಂತ್ರದಲ್ಲಿ ಬೇರೆ ಬೇರೆ ಪುಡಿ ತಯಾರಿಸಿ ಸರಿಯಾಗಿ ತೊಳೆಯದೆ ಬೆರೆತದ್ದು ಇರುತ್ತದೆ. ಕೆಲವು ಕಡೆ ಗಿರಾಕಿಗೆ ಬೇಗ ಫಲ ಕಾಣಲಿ ಎಂದು ಬೇಕಂತಲೇ ಸುರಿದದ್ದು ಇರುತ್ತದೆ. ನನ್ನ ಬೆನ್ನು ಮತ್ತು ಲಿವರು ನೋಡಿದರೆ ನನ್ನದು ಎರಡನೆಯದಿರಬೇಕು ಎಂದ. ನಾನು ಹುರುಪಿನಿಂದ ಎದ್ದು ಕೂತೆ. ಇದನ್ನೇ ಕಳಿಸೋಣಲ್ಲ? "ತಮ್ಮಾ, ಅದು ಆ 634 ಡಬ್ಬಿ ಮಾತು. ನಿನ್ನ ಡಬ್ಬಿ ಬಗ್ಗೆ ಇದರಾಗ ಒಂದು ಅಕ್ಷರ ಇಲ್ಲ."

ಲ್ಯಾಬುಗಳಿಗೆ ಫೋನು ಹಚ್ಚಿದೆವು. ಪ್ರೋಟೀನು ಎಷ್ಟಿದೆ, ಸೀಸ ಇದೆಯೇ ಎಂದು ನೋಡುವವರು ಇದ್ದರು. ಸ್ಟೆರಾಯ್ಡಿನ ಜಾಡು ಹಿಡಿಯುವ ಪರೀಕ್ಷೆಗೆ ಒಬ್ಬರು ಹೇಳಿದ ರೇಟು ಕೇಳಿ ಅಪ್ಪ ಕೈಯಲ್ಲಿದ್ದ ತಂಬಾಕು ಕೆಳಗಿಟ್ಟರು. ವಕೀಲರ ಫೀ ಬೇರೆ. ಎಲ್ಲ ಸೇರಿದರೆ ಒಂದು ಎಮ್ಮೆ ಹೋಗುತ್ತಿತ್ತು. ಮತ್ತೆ ಕೊನೆಗೆ ಸಿಗುವುದು ಸೀಲು ಒಡೆದ ಡಬ್ಬಿಯ ರಿಪೋರ್ಟು.

ಅಷ್ಟರಲ್ಲಿ ಆರೋಪಪತ್ರ ಬಂತು. ಅದರಲ್ಲಿ ಎರಡು ದಾರಿ. ಒಂದು, ವಿಚಾರಣೆ ಬೇಕೆಂದು ಕೇಳಿ ವಾದಿಸುವುದು. ಸೋತರೆ ನಾಲ್ಕು ವರ್ಷ. ಇನ್ನೊಂದು, 20 ದಿನದೊಳಗೆ ಉಲ್ಲಂಘನೆ ಒಪ್ಪಿ ಶಿಕ್ಷೆಗೆ ಸಹಿ ಹಾಕಿದರೆ ಒಂದು ವರ್ಷ ಕಡಿತ, ಮೂರು ವರ್ಷ. ಈ ದಾರಿ ಹಿಡಿದರೆ ಆಮೇಲೆ ಪುಡಿ, ಕಲಬೆರಕೆ ಎಂದು ಬೇರೆ ಯಾವ ರಿಯಾಯಿತಿಯನ್ನೂ ಕೇಳುವಂತಿಲ್ಲ. 2021ರ ವಾಡಾ ಸಂಹಿತೆಯಲ್ಲಿ ಹೊಸದಾಗಿ ಸೇರಿಸಿದ ಅವಕಾಶವಿದು, ಕೇಸುಗಳು ಬೇಗ ಮುಗಿಯಲೆಂದು. ದಿಲ್ಲಿಯಲ್ಲಿ, ಜ್ಯೂರಿಕ್ಕಿನಲ್ಲಿ ವಕೀಲರಿರುವ ಆಟಗಾರನಿಗೆ ಇದು ಒಂದು ಚೌಕಾಶಿ. ತಂಡದ ಡಾಕ್ಟರು, ಆಹಾರತಜ್ಞರು ಪ್ರತಿ ಡಬ್ಬಿಯ ಫೋಟೊ ಇಟ್ಟುಕೊಂಡಿರುತ್ತಾರೆ, ಸೀಲು ಮಾಡಿದ ಡಬ್ಬಿ ಕಪಾಟಿನಲ್ಲಿರುತ್ತದೆ. ನಿಯಮ ಬರೆದವರ ಕಣ್ಣೆದುರು ಇದ್ದದ್ದು ಆ ಆಟಗಾರ. ನಿಯಮ ಅವನಿಗೂ ಒಂದೇ, ನನಗೂ ಒಂದೇ. ನಿಯಮ ತಪ್ಪೆಂದು ನಾನು ಹೇಳುವುದಿಲ್ಲ. ಪುಡಿಯಿಂದ ಬಂತು ಎಂದು ಬರಿ ಬಾಯಲ್ಲಿ ಹೇಳಿದ್ದನ್ನೆಲ್ಲ ಒಪ್ಪಿದರೆ ಮಾತ್ರೆ ನುಂಗುವವರೆಲ್ಲ ನಾಳೆ ಅದನ್ನೇ ಹೇಳುತ್ತಾರೆ, ನಮ್ಮ ಅಖಾಡಗಳಲ್ಲಿ ನುಂಗುವವರು ಇಲ್ಲವೆಂದೇನೂ ಅಲ್ಲ. ಆದರೆ ನಿಜ ಹೇಳುವವನು ಅದನ್ನು ತೋರಿಸಿಕೊಡಲು ಎಮ್ಮೆ ಮಾರಬೇಕಾಗಿ ಬಂದರೆ ಅವನು ಏನು ಮಾಡುತ್ತಾನೋ ನಾನೂ ಅದನ್ನೇ ಮಾಡಿದೆ.

ಝೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆಸಿದೆ. ಅಂಗಡಿಯ ಹುಡುಗಿ ಹಾಳೆಗಳನ್ನು ಎಣಿಸಿ ಕೊಡುವಾಗ ಮೇಲಿನ ಸಾಲು ಓದಿದಳೆಂದು ಕಾಣುತ್ತದೆ, ತಲೆಯೆತ್ತಿ ನೋಡಿ ಮತ್ತೆ ಬಗ್ಗಿದಳು. ಅಪ್ಪ ಜೊತೆಗಿದ್ದರು.

"ಇದಕ್ಕ ಸಹಿ ಹಾಕಿದ್ರ ನೀ ತಗೊಂಡಿ ಅಂದಂಗ ಆಗೂದಿಲ್ಲೇನು?"

"ಮೈಯಾಗ ಸಿಕ್ಕದ ಅಂದಂಗ ಅಷ್ಟ, ಅಪ್ಪಾ."

"ಮಂದಿ ಹಂಗ ಓದ್ತಾರೇನು?"

ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಹಿ ಹಾಕಿದೆ, ಸ್ಕ್ಯಾನ್ ಮಾಡಿಸಿ ಕಳಿಸಿದೆ.

ಅಪ್ಪ ಹೇಳಿದ ಹಾಗೇ ಆಯಿತು. ಸ್ಥಳೀಯ ಪತ್ರಿಕೆಯಲ್ಲಿ ಬಂದ ಎರಡಿಂಚಿನ ಸುದ್ದಿಯಲ್ಲಿ ನಾನು ತಪ್ಪೊಪ್ಪಿಕೊಂಡಿದ್ದೆ. ಹಾಸ್ಟೆಲ್ಲಿನ ಕೋಣೆ ಖಾಲಿ ಮಾಡಿದೆ. ನಿಷೇಧವೆಂದರೆ ಪಂದ್ಯ ಮಾತ್ರವಲ್ಲ. ಸಂಘದ ಮಾನ್ಯತೆಯಿರುವ ಕ್ಲಬ್ಬಿನಲ್ಲಿ, ಶಿಬಿರದಲ್ಲಿ ತಾಲೀಮು ಮಾಡುವಂತಿಲ್ಲ, ಕೋಚಿಂಗ್ ಮಾಡುವಂತಿಲ್ಲ, ಮತ್ತೆ ಡೋಪ್ ಟೆಸ್ಟಿಗೆ ಕರೆದರೆ ಮಾತ್ರ ಹೋಗಬೇಕು. ಜಾತ್ರೆಯ ಮಣ್ಣಿನ ಕುಸ್ತಿಗೆ ಈ ನಿಯಮ ತಾಗುತ್ತದೋ ಇಲ್ಲವೋ ಎಂದು ಕಮಿಟಿಯವರಿಗೆ ಸ್ಪಷ್ಟವಿರಲಿಲ್ಲ. ಹಾಗಾಗಿ ಸುಮ್ಮನೆ ನನ್ನ ಹೆಸರು ಬಿಟ್ಟರು. ಹಲಗಿ ಬಾರಿಸುತ್ತ ಜೋಡಿ ಕೂಗುವಾಗ ನಾನು ಮನೆಯಲ್ಲೇ ಇರುತ್ತಿದ್ದೆ. ಕ್ರೀಡಾ ಕೋಟಾದ ನೌಕರಿಗೆ ಹಾಕಿದ್ದ ಅರ್ಜಿಯನ್ನು ನಾನೇ ವಾಪಸು ತೆಗೆದುಕೊಂಡೆ, ಕೇಳಿಸಿಕೊಳ್ಳುವುದಕ್ಕಿಂತ ಅದು ವಾಸಿ ಎನಿಸಿತು.

ಮೈಯ ಪಾಡು ಬೇರೆಯೇ. ಪುಡಿ ನಿಂತ ಮೇಲೆ ಒಂದೊಂದೇ ಕೆ.ಜಿ. ಕಳಚಿಕೊಂಡು ಹೋಯಿತು. ಹೊರಗಿನಿಂದ ಹಾರ್ಮೋನು ಬಂದರೆ ಮೈ ತನ್ನದನ್ನು ತಯಾರಿಸುವುದು ಕಡಿಮೆ ಮಾಡುತ್ತದೆ, ಮತ್ತೆ ಸರಿಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದು ಡಾಕ್ಟರು ಹೇಳಿದರು. ಆ ತಿಂಗಳುಗಳಲ್ಲಿ ಬೆಳಿಗ್ಗೆ ಏಳಲು ಮೈ ಒಪ್ಪುತ್ತಿರಲಿಲ್ಲ. ಹಿಂದೆ ಮುಂಜಾನೆ ನಾಲ್ಕಕ್ಕೆ ಎದ್ದು ಓಡುತ್ತಿದ್ದವನು ಎಂಟಾದರೂ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದೆ. ಅವ್ವ ಮದುವೆ ಮಾತು ಎತ್ತಿದರೆ ಸಿಟ್ಟು ಬರುತ್ತಿತ್ತು, ಕಾರಣ ಯಾರಿಗೂ ಹೇಳುವಂಥದ್ದಲ್ಲ. ಗೊತ್ತಿದ್ದೇ ಮಾತ್ರೆ ನುಂಗುವವರು ಇದನ್ನೂ ಕೇಳಿ ತಿಳಿದಿರುತ್ತಾರೆ, ತಯಾರಿರುತ್ತಾರೆ. ನನಗೆ ಏನು ನಿಂತುಹೋಗಿದೆ ಎಂಬುದೇ ತಡವಾಗಿ ತಿಳಿಯಿತು. ಲಿವರು ಮಾತ್ರ ಬೇಗ ಸುಧಾರಿಸಿತು.

2025ರಲ್ಲಿ ಅವಧಿ ಮುಗಿಯಿತು. ಕಡೆಯ ಎರಡು ತಿಂಗಳು ಕ್ಲಬ್ಬಿನಲ್ಲಿ ತಾಲೀಮಿಗೆ ನಿಯಮವೇ ಬಿಡುತ್ತದೆ, ಹೋದೆ. ತಕ್ಕಡಿ ತೋರಿಸಿದ್ದು 70. ಈಗ ಅದೇ ತೂಕದಲ್ಲಿ ಆಡುತ್ತೇನೆ, ಒಲಿಂಪಿಕ್ಸಿನಲ್ಲಿಲ್ಲದ ತೂಕ. 74ರಲ್ಲಿ ಆ ಹಳೆಯ ಹುಡುಗನೇ ಇದ್ದಾನೆ. ಗರಡಿಯವರು ಅವನ ಹೆಸರು ಹೇಳಿದ್ದು ಅವನಿಗೆ ಯಾರಿಂದಲೋ ತಿಳಿದಿತ್ತು. ನಾನು ಬರೆಯಲಿಲ್ಲ ಎಂಬುದೂ. ಎದುರಾದರೆ ಕೈ ಕುಲುಕುತ್ತಾನೆ, ಅಷ್ಟೇ.

ಉಸ್ತಾದರು ಈಗ ಮಾತಾಡುತ್ತಾರೆ. ಸಂಜೆ ಹುಡುಗರನ್ನು ನನ್ನ ಮುಂದೆ ಕೂರಿಸಿ "ಇವಂಗ ಕೇಳ್ರಿ" ಎನ್ನುತ್ತಾರೆ. ಪುಡಿ ಕುಡಿಯಬೇಡಿ ಎಂದು ನಾನು ಹೇಳುವುದಿಲ್ಲ. ಹೇಳಿದರೂ ಕುಡಿಯುತ್ತಾರೆ, ಮತ್ತು ಕುಡಿಯದಿದ್ದರೆ ಏನು ತಿನ್ನಬೇಕು ಎಂಬುದಕ್ಕೆ ನನ್ನ ಹತ್ತಿರ ರೊಕ್ಕವಿಲ್ಲ. ಗೇನರ್, ಫ್ಯಾಟ್ ಬರ್ನರ್, ಪ್ರಿ–ವರ್ಕೌಟ್ ಎಂದು ಬೇಗ ಫಲ ಹೇಳುವ ಡಬ್ಬಿಗಳಲ್ಲೇ ಹೆಚ್ಚು ಅಪಾಯ. ಸಾದಾ ವೇ ಸಾಕು. ಬ್ಯಾಚ್ ಬ್ಯಾಚಾಗಿ ನಿಷಿದ್ಧ ವಸ್ತುಗಳಿಗೆ ಪರೀಕ್ಷೆ ಮಾಡಿಸಿದ ಗುರುತಿದ್ದರೆ ಅದು, ಆ ಗುರುತೂ ಪೂರ್ತಿ ಗ್ಯಾರಂಟಿಯಲ್ಲ. ಜಿಎಸ್‌ಟಿ ಬಿಲ್ಲು, ಬ್ಯಾಚಿನ ಫೋಟೊ. ಟೆಸ್ಟಿನ ಫಾರ್ಮಿನಲ್ಲಿ ಕಂಪನಿ, ಬ್ಯಾಚು ಎಲ್ಲ, ಗೆರೆ ಸಾಲದಿದ್ದರೆ ಅಂಚಿನಲ್ಲಿ. ಮತ್ತೆ ಅದೇ ಬ್ಯಾಚಿನ ಇನ್ನೊಂದು ಡಬ್ಬಿ ಕೊಂಡು, ಸೀಲು ಒಡೆಯದೆ ಕಪಾಟಿನಲ್ಲಿ ಇಡಬೇಕು.

ಮೊನ್ನೆ ಇದನ್ನು ಕೇಳಿ ಉಸ್ತಾದರಿಗೆ ನಗೆ ಬಂತು. "ಒಂದು ತಿನ್ನಾಕ, ಒಂದು ಕೋರ್ಟಿಗೇನು?"

"ಹೌದ್ರಿ ಉಸ್ತಾದ."

ಮುಂದೆ ಕೂತ ಹುಡುಗನೊಬ್ಬ, 57 ಕೆ.ಜಿ.ಯವನು, ಅಪ್ಪ ಬೆಲ್ಲದ ಗಾಣಕ್ಕೆ ಕೂಲಿಗೆ ಹೋಗುತ್ತಾನೆ, ಬೆರಳು ಮಡಚಿ ಲೆಕ್ಕ ಹಾಕಿದ. "ಅಣ್ಣಾ, ಒಂದು ಡಬ್ಬಿಗೇ ನಾವು ಮೂರು ಮಂದಿ ಕೂಡಿ ರೊಕ್ಕ ಹಾಕೇವಿ" ಎಂದ.